ಟ್ಯೂಬಿಂಗನ್‌ನಲ್ಲಿ ಬೇಸಿಗೆ ಕೋರ್ಸ್: ಅರ್ಜಿ ಹಾಕುವುದರಿಂದ ಕೋಣೆಯ ಕೀ ವಾಪಸ್ ಕೊಡುವವರೆಗೆ

ಜರ್ಮನಿಯ ದಕ್ಷಿಣದಲ್ಲಿ, ನೆಕ್ಕರ್ ಹೊಳೆಯ ದಂಡೆ ಮೇಲೆ ಟ್ಯೂಬಿಂಗನ್ ಅಂತ ಒಂದು ಊರಿದೆ. ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಹೊರದೇಶದ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬೇಸಿಗೆಯಲ್ಲಿ ಜರ್ಮನ್ ಭಾಷೆಯ ಕೋರ್ಸ್ ನಡೆಯುತ್ತದೆ. ಸಾಮಾನ್ಯವಾಗಿ ಆಗಸ್ಟ್ ತಿಂಗಳು, ಸುಮಾರು ನಾಲ್ಕು ವಾರ. ಬೆಳಗ್ಗೆ ಪಾಠ, ಆಮೇಲೆ ಊರು ಸುತ್ತುವುದು, ರಾತ್ರಿ ಹಾಸ್ಟೆಲ್.

ನಾಲ್ಕು ವಾರ ಅಂದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿದುಹೋಗುತ್ತದೆ. ನನ್ನ ಮೊದಲ ವಾರ ಬರೀ ಸಿಮ್ಮು, ಬೀಗ, ಬಸ್ಸು, ಬಕೆಟ್ಟು ಅಂತಲೇ ಕಳೆಯಿತು. ಭಾಷೆ ಬಾಯಿಗೆ ಬರಲು ಶುರುವಾದದ್ದು ಮೂರನೇ ವಾರ, ಅದೂ ಕ್ಲಾಸಿನಲ್ಲಲ್ಲ, ಹಾಸ್ಟೆಲಿನ ಅಡುಗೆಮನೆಯಲ್ಲಿ. ಹೋಗುವ ಮುಂಚೆಯೇ ಸಣ್ಣಪುಟ್ಟ ಕೆಲಸ ಮುಗಿಸಿಕೊಂಡಿದ್ದರೆ ಆ ಅಡುಗೆಮನೆಯಲ್ಲಿ ಇನ್ನೂ ಎರಡು ವಾರ ಜಾಸ್ತಿ ಸಿಗುತ್ತಿತ್ತು. ನಿಮಗೆ ಆ ಎರಡು ವಾರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಜರ್ಮನಿಯ ಬೇರೆ ಊರಿನ ಬೇಸಿಗೆ ಕೋರ್ಸಿಗೆ ಹೋಗುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಹೆಜ್ಜೆ 1: ಮೊದಲು ನಿಮ್ಮ ಕಾಲೇಜಿನ ಕ್ಯಾಲೆಂಡರ್ ನೋಡಿ

ಅವರ ಬೇಸಿಗೆ ನಮ್ಮ ಬೇಸಿಗೆಯಲ್ಲ. ಅಲ್ಲಿ ಆಗಸ್ಟ್‌ನಲ್ಲಿ ರಜೆ, ಇಲ್ಲಿ ಆಗಸ್ಟ್‌ನಲ್ಲಿ ಸೆಮಿಸ್ಟರ್ ಜೋರಾಗಿ ನಡೆಯುತ್ತಿರುತ್ತದೆ. ಹಾಜರಾತಿ ಕಡಿಮೆ ಬಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಅದಕ್ಕೇ ಅರ್ಜಿ ಹಾಕುವ ಮುಂಚೆ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ, ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ. "ಹೋಗಿ ಬಾರಪ್ಪ, ನೋಡೋಣ" ಅನ್ನೋ ಬಾಯಿಮಾತು ಸಾಲದು. ಅದೇ ಪತ್ರ ಮುಂದೆ ವೀಸಾಕ್ಕೂ ಬೇಕಾಗುತ್ತದೆ. ಓದು ಮುಗಿಸಲು ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಹೆಜ್ಜೆ 2: ಸ್ವಲ್ಪ ಜರ್ಮನ್ ಕಲಿತೇ ಹೋಗಿ

ಸೊನ್ನೆಯಿಂದ ಶುರುಮಾಡುವವರನ್ನೂ ಕೆಲವು ಕೋರ್ಸ್‌ಗಳಲ್ಲಿ ತೆಗೆದುಕೊಳ್ಳುತ್ತಾರೆ. ಆದರೆ ದಯವಿಟ್ಟು ಹಾಗೆ ಹೋಗಬೇಡಿ. ಅಷ್ಟು ದುಡ್ಡು ಕೊಟ್ಟು ಅಲ್ಲಿ ಹೋಗಿ ಒಂದು, ಎರಡು, ಮೂರು ಎಣಿಸುವುದನ್ನು ಕಲಿಯುವುದು ನಷ್ಟ. ಜರ್ಮನ್ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ಮಾಡಿದ್ದಾರೆ. ಎ1 ಮುಗಿಸಿಕೊಳ್ಳಿ. ಎ2 ಆದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಇರುವವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಉಳಿದವರಿಗೆ ಅವರದೇ ಆನ್‌ಲೈನ್ ಕ್ಲಾಸುಗಳಿವೆ.

ವಿದ್ಯಾರ್ಥಿವೇತನ ಬೇಕು ಅನ್ನುವವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. ಜರ್ಮನಿಯ ಡಿಎಎಡಿ ಸಂಸ್ಥೆ ಬೇಸಿಗೆ ಕೋರ್ಸ್‌ಗಳಿಗೆ ಹಣ ಕೊಡುತ್ತದೆ. ಅದಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹೋಗಿರಬೇಕು. ಮುಂದಿನ ಆಗಸ್ಟ್‌ಗೆ ಅಂತ ಈ ಸೆಪ್ಟೆಂಬರ್‌ನಲ್ಲೇ ಕಾಗದಪತ್ರ ಜೋಡಿಸಲು ಕೂತರೆ ಸರಿಹೋಗುತ್ತದೆ.

ಅರ್ಜಿಯಲ್ಲಿ ಕೋಣೆ ಬೇಕಾ ಅಂತ ಕೇಳಿದರೆ ಬೇಕು ಅಂತಲೇ ಹಾಕಿ. ಹೊರಗೆ ರೂಮ್ ಹುಡುಕುವ ಸಾಹಸ ಬೇಡ. ಟ್ಯೂಬಿಂಗನ್ ವಿದ್ಯಾರ್ಥಿಗಳ ಊರು, ಅಲ್ಲಿ ಬಾಡಿಗೆ ಮನೆ ಸಿಗುವುದು ಅಲ್ಲಿಯವರಿಗೇ ಕಷ್ಟ.

ಹೆಜ್ಜೆ 3: ವೀಸಾ

ನಾಲ್ಕು ವಾರದ ಕೋರ್ಸಿಗೆ ಬೇಕಿರುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿಯ ವೀಸಾ. 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಶುಲ್ಕ 90 ಯುರೋ. ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು ಅಂತ ನಿಯಮ. 15 ದಿನ ಅಂತ ನಂಬಿ ಕೂರಬೇಡಿ. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೇಸಿಗೆಯ ಹೊತ್ತಿಗೆ ಪ್ರವಾಸಿಗಳ ಸಾಲು ಉದ್ದ ಇರುತ್ತದೆ. ಪ್ರವೇಶ ಪತ್ರ ಕೈಗೆ ಬಂದ ದಿನವೇ ಸ್ಲಾಟ್ ಹುಡುಕಿ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬಂದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯುರೋದ್ದು. ಜೊತೆಗೆ ಪ್ರವೇಶ ಪತ್ರ, ಕೋಣೆಯ ಪತ್ರ, ಕಾಲೇಜಿನ ಅನುಮತಿ ಪತ್ರ, ಅಪ್ಪ ಅಮ್ಮನ ಬ್ಯಾಂಕ್ ಸ್ಟೇಟ್‌ಮೆಂಟ್, ಅವರೇ ಖರ್ಚು ನೋಡಿಕೊಳ್ಳುತ್ತಾರೆ ಅನ್ನುವ ಪತ್ರ. ಅರ್ಜಿಗೆ ಸ್ವಲ್ಪ ಮುಂಚೆ ಯಾರಿಂದಲೋ ದೊಡ್ಡ ಮೊತ್ತ ಖಾತೆಗೆ ಹಾಕಿಸಿಕೊಳ್ಳಬೇಡಿ. ಮೂರು ತಿಂಗಳಿನಿಂದ ನಿಧಾನಕ್ಕೆ ಕೂಡಿದ ಸಣ್ಣ ಮೊತ್ತ ಅದಕ್ಕಿಂತ ಒಳ್ಳೆಯದು.

ಇನ್ನೊಂದು ಮಾತು. ಈ ವೀಸಾದಲ್ಲಿ ಹೋಗಿ, ಅಲ್ಲೇ ಮುಂದೆ ಓದುತ್ತೇನೆ ಅಂತ ಉಳಿದುಕೊಳ್ಳಲು ಆಗುವುದಿಲ್ಲ. ಓದಬೇಕಿದ್ದರೆ ವಾಪಸ್ ಬಂದು ಬೇರೆ ವೀಸಾ ಮಾಡಿಸಬೇಕು.

ಹೆಜ್ಜೆ 4: ಬ್ಯಾಗಿಗೆ ಏನು, ಏನು ಬೇಡ

ಅಮ್ಮಂದಿರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪ, ಪನೀರ್, ಖೋವಾ ಎಲ್ಲ ಇದರಲ್ಲಿ ಬರುತ್ತದೆ. ಹಸಿ ಕರಿಬೇವಿಗೂ ಗಿಡದ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಪ್ರವೇಶವಿಲ್ಲ, ಸಿಕ್ಕರೆ ಎಸೆಯುತ್ತಾರೆ. ಒಣಗಿಸಿ ಪುಡಿ ಮಾಡಿದರೆ ತೊಂದರೆ ಇಲ್ಲ. ಕೊಬ್ಬರಿ ಗಿಟುಕನ್ನು ಇಡಿಯಾಗಿ ಹಾಕಬೇಡಿ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ವಿಮಾನಕ್ಕೆ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ಹುರಿದ ರವೆ, ಅವಲಕ್ಕಿ, ಹುಣಸೆಹಣ್ಣಿನ ಪೇಸ್ಟು ಇಷ್ಟಿದ್ದರೆ ನಾಲ್ಕು ವಾರಕ್ಕೆ ಧಾರಾಳ. ಅಕ್ಕಿ, ಬೇಳೆ ಅಲ್ಲೇ ಸಿಗುತ್ತದೆ, ಹೊರುವುದು ಬೇಡ. ಕುಕ್ಕರ್ ಕೂಡ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊಬೈಲಿನ ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹಾಗೇ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ಬೆಡ್‌ಶೀಟ್, ದಿಂಬಿನ ಕವರ್ ಕೋಣೆಯಲ್ಲಿ ಕೊಡುತ್ತಾರಾ ಅಂತ ಮೊದಲೇ ಕೇಳಿ. ಒಂದು ತೆಳು ಸ್ವೆಟರ್, ಒಂದು ಮಳೆ ಜಾಕೆಟ್. ಆಗಸ್ಟ್‌ನಲ್ಲಿ ಒಂದು ದಿನ 32 ಡಿಗ್ರಿ ಇದ್ದರೆ ಮರುದಿನ ಮಳೆ ಬಂದು ಮಡಿಕೇರಿ ಥರ ಆಗಿಬಿಡುತ್ತದೆ.

ನಿಮ್ಮ ಇಲ್ಲಿನ ಸಿಮ್ ಅನ್ನು ರೋಮಿಂಗಿನಲ್ಲಿ ಜೀವಂತ ಇಡಿ. ಕಾರ್ಡ್ ಉಜ್ಜಿದಾಗಲೋ ಟಿಕೆಟ್ ತೆಗೆದಾಗಲೋ ಒಟಿಪಿ ಬರುವುದು ಅದಕ್ಕೇ. ಫಾರೆಕ್ಸ್ ಕಾರ್ಡಿನ ಜೊತೆ 150–200 ಯುರೋ ನಗದೂ ಇರಲಿ, ಅದರಲ್ಲಿ ಚಿಲ್ಲರೆ ಇರಲಿ. ಚಿಕ್ಕ ಬೇಕರಿಗಳಲ್ಲಿ ಈಗಲೂ ನಗದನ್ನೇ ಕೇಳುವವರಿದ್ದಾರೆ. ಬಟ್ಟೆ ಒಗೆಯುವ ಯಂತ್ರಕ್ಕೂ ಹಲವು ಕಡೆ ನಾಣ್ಯ ಬೇಕು.

ಹೆಜ್ಜೆ 5: ಭಾನುವಾರ ಇಳಿಯಬೇಡಿ

ಟಿಕೆಟ್ ಎಷ್ಟೇ ಅಗ್ಗ ಇರಲಿ, ಭಾನುವಾರ ಇಳಿಯಬೇಡಿ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತದೆ. ಸೂಪರ್‌ಮಾರ್ಕೆಟ್ ಕೂಡ ಇಲ್ಲ. ಕೆಲವು ಬೇಕರಿ ಬೆಳಗ್ಗೆ ಸ್ವಲ್ಪ ಹೊತ್ತು ತೆಗೆದಿರುತ್ತವೆ, ರೈಲು ನಿಲ್ದಾಣದಲ್ಲಿ ಏನಾದರೂ ಸಿಗಬಹುದು, ಅಷ್ಟೇ. ಶುಕ್ರವಾರ ಸಂಜೆಯೂ ಬೇಡ. ಹಾಸ್ಟೆಲಿನ ಕೀ ಕೊಡುವವರು ಹೌಸ್‌ಮೈಸ್ಟರ್. ನಮ್ಮ ವಾರ್ಡನ್ ಥರ ಅಲ್ಲೇ ವಾಸ ಮಾಡುವವರಲ್ಲ, ಆಫೀಸಿನ ಹೊತ್ತು ಮುಗಿದರೆ ಹೊರಟುಹೋಗುತ್ತಾರೆ. ಅವರ ಸಮಯ ಮೊದಲೇ ಇಮೇಲ್ ಮಾಡಿ ತಿಳಿದುಕೊಂಡು, ಅದಕ್ಕೆ ತಕ್ಕ ಹಾಗೆ ವಿಮಾನದ ಟಿಕೆಟ್ ಮಾಡಿಸಿ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳ ನಿಲ್ದಾಣವೂ ಇದೆ. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲು, ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ಇನ್ನೊಂದು ರೈಲು, ಅದು ಸುಮಾರು ಒಂದು ಗಂಟೆ. ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಅನ್ನುವುದು ಹಳೆಯ ಮಾತು, ಈಗ ತಡ ಆಗುವುದು ಸಾಮಾನ್ಯ. ಎರಡು ರೈಲಿನ ನಡುವೆ ಕಡೇಪಕ್ಷ 40 ನಿಮಿಷ ಬಿಟ್ಟುಕೊಳ್ಳಿ.

ಹೆಜ್ಜೆ 6: ಕೋಣೆ, ಬೀಗ, ಕಸ

ಟ್ಯೂಬಿಂಗನ್‌ನ ದೊಡ್ಡ ವಿದ್ಯಾರ್ಥಿ ವಸತಿ ಇರುವುದು ಊರ ಮೇಲಿನ ಗುಡ್ಡದಲ್ಲಿ, ವಾಲ್ಡ್‌ಹೊಯ್ಸರ್ ಓಸ್ಟ್ ಅನ್ನುವ ಕಡೆ. ವಿದ್ಯಾರ್ಥಿಗಳು ಚಿಕ್ಕದಾಗಿ "ವೇ ಹಾ ಓ" ಅಂತಾರೆ. ಕೆಳಗಿನ ಹಳೇ ಊರಿಗೆ ಬಸ್ಸಿದೆ. ನಿಮಗೆ ಸಿಗುವುದು ಸಾಮಾನ್ಯವಾಗಿ ಒಬ್ಬರ ಕೋಣೆ. ಅಡುಗೆಮನೆ, ಬಚ್ಚಲು ಮಾತ್ರ ಪಡಸಾಲೆಯವರೆಲ್ಲರದ್ದು.

ಕೋಣೆಯ ಬಾಗಿಲು ಎಳೆದರೆ ತಾನಾಗಿ ಲಾಕ್ ಆಗುತ್ತದೆ. ಹೊರಗಿನಿಂದ ಹಿಡಿ ತಿರುಗಿಸಿದರೆ ತೆರೆಯುವುದಿಲ್ಲ. ಟವಲ್ ಸುತ್ತಿಕೊಂಡು ಸ್ನಾನಕ್ಕೆ ಹೋದವರು ಕೀ ಒಳಗೆ ಬಿಟ್ಟರೆ ಅಲ್ಲಿಗೆ ಆಯಿತು. ರಾತ್ರಿ ಬೀಗ ತೆಗೆಯುವವರನ್ನು ಕರೆಸಿದರೆ ತಿಂಗಳ ಊಟದ ದುಡ್ಡು ಹೋಗುತ್ತದೆ. ಒಂದು ದಾರಕ್ಕೆ ಕಟ್ಟಿ ಕೀಯನ್ನು ಕೊರಳಿಗೆ ಹಾಕಿಕೊಳ್ಳಿ. ಮಲಗುವಾಗಲಷ್ಟೇ ತೆಗೆಯಿರಿ.

ಫ್ಯಾನ್ ಇರುವುದಿಲ್ಲ, ಏಸಿ ಇರುವುದಿಲ್ಲ. ಬೆಳಗ್ಗೆ ಬೇಗ ಕಿಟಕಿ ಪೂರ್ತಿ ತೆಗೆದು ತಂಪು ಒಳಗೆ ಬಿಟ್ಟುಕೊಳ್ಳಿ, ಬಿಸಿಲು ಏರಿದ ಮೇಲೆ ಕಿಟಕಿ ಪರದೆ ಎರಡೂ ಮುಚ್ಚಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಅಲ್ಲಿ ರಾತ್ರಿ 10 ಆದರೆ ಇಲ್ಲಿ ನಡುರಾತ್ರಿ ದಾಟಿ ಒಂದೂವರೆ, ಅಮ್ಮ ನಿದ್ದೆಗೆಟ್ಟು ಕಾಯುತ್ತಿರುತ್ತಾರೆ, ವಿಡಿಯೋ ಕಾಲ್‌ನಲ್ಲಿ ದನಿ ತಾನಾಗಿ ಏರುತ್ತದೆ. ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಫೋನ್ ಮಾಡಿ, ಇಲ್ಲಿ ಸಂಜೆ ಏಳೂವರೆ. ಇಬ್ಬರಿಗೂ ಒಳ್ಳೆಯದು.

ಕಸ ಬೇರೆ ಮಾಡುವುದನ್ನು ಮೊದಲ ದಿನವೇ ಕಲಿಯಿರಿ. ಕಾಗದಕ್ಕೆ ಒಂದು ಡಬ್ಬ, ತರಕಾರಿ ಸಿಪ್ಪೆಗೆ ಒಂದು, ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಹಳದಿ ಚೀಲ, ಉಳಿದದ್ದಕ್ಕೆ ಇನ್ನೊಂದು. ಗಾಜಿನ ಬಾಟಲಿಯನ್ನು ಬೀದಿಯಲ್ಲಿರುವ ದೊಡ್ಡ ಡಬ್ಬಗಳಿಗೆ ಬಣ್ಣ ನೋಡಿ ಹಾಕಬೇಕು, ಅದೂ ಭಾನುವಾರ ಹಾಕಬಾರದು, ಸದ್ದಾಗುತ್ತದೆ ಅಂತ. ನೀರಿನ ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಲೇಬೇಡಿ. ಒಂದಕ್ಕೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಸೇರಿಸಿಯೇ ನಿಮಗೆ ಮಾರಿರುತ್ತಾರೆ. ಅದಕ್ಕೆ ಫಾಂಡ್ ಅನ್ನುತ್ತಾರೆ. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಬಾಟಲಿ ಕೊಟ್ಟರೆ ಚೀಟಿ ಬರುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಅಂದಹಾಗೆ ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ಟ್ಯೂಬಿಂಗನ್‌ಗೇ ಸೇರಿದ ಇನ್ನೊಂದು ನಿಯಮ ಇದೆ. 2022ರ ಜನವರಿಯಿಂದ ಬಳಸಿ ಬಿಸಾಡುವ ಲೋಟ, ಪೊಟ್ಟಣಗಳಿಗೆ ಊರಿನವರೇ 50 ಸೆಂಟ್ ತೆರಿಗೆ ಹಾಕಿದ್ದಾರೆ. ಕಾಫಿ ಪಾರ್ಸೆಲ್ ತೆಗೆದುಕೊಂಡರೆ ಆ ಖರ್ಚು ಬಹಳ ಕಡೆ ನಿಮ್ಮ ತಲೆಗೇ ಬರುತ್ತದೆ. ಒಂದು ಸ್ಟೀಲ್ ಲೋಟ, ಒಂದು ಡಬ್ಬಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನಮಗೆ ಇದೇನು ಹೊಸದಲ್ಲ, ಅಲ್ವಾ?

ಹೆಜ್ಜೆ 7: ಅಡುಗೆಮನೆಯೇ ನಿಮ್ಮ ಎರಡನೇ ಕ್ಲಾಸು

ಒಗ್ಗರಣೆಯ ಕಥೆ ಹೇಳಲೇಬೇಕು. ಮೂರನೇ ವಾರ ಒಂದು ದಿನ ಸಾರು ಮಾಡಲು ಹೋದೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದೆ. ಅಲ್ಲಿನ ಒಲೆ ಬೆಂಕಿಯದ್ದಲ್ಲ, ಕರೆಂಟಿನ ತಟ್ಟೆ. ಆರಿಸಿದರೂ ಐದಾರು ನಿಮಿಷ ಕಾದೇ ಇರುತ್ತದೆ. ನಾನು ಗುಂಡಿ ತಿರುಗಿಸಿ ನಿಶ್ಚಿಂತೆಯಿಂದ ಬೇಳೆ ಮಸೆಯುತ್ತಿದ್ದೆ. ಇತ್ತ ಮೆಣಸಿನಕಾಯಿ ಕಪ್ಪಗಾಗಿ ಘಾಟು ಎದ್ದಿತು. ಪಡಸಾಲೆಯ ಆ ತುದಿಯಿಂದ ಕೆಮ್ಮು ಕೇಳಿಸಿತು. ಕೊರಿಯಾದ ಹುಡುಗಿ ಮೂಗಿಗೆ ಕರ್ಚೀಫ್ ಹಿಡಿದು ಓಡಿ ಬಂದು ಕಿಟಕಿ ತೆಗೆದಳು. ಚಾವಣಿಯ ಹೊಗೆ ಅಲಾರಂ ಕೂಗಲಿಲ್ಲ, ಅದು ಆ ದಿನದ ಪುಣ್ಯ. ಕೂಗಿ ಅಗ್ನಿಶಾಮಕದವರು ಬಂದರೆ ಅದರ ಖರ್ಚು ನಿಮ್ಮ ತಲೆಗೆ ಬರಬಹುದು.

ಅದಕ್ಕೇ ಕ್ರಮ ಹೀಗಿರಲಿ. ಮೊದಲು ಕಿಟಕಿ ತೆಗೆಯಿರಿ. ಒಲೆ ಮೇಲಿನ ಹೊಗೆ ಎಳೆಯುವ ಯಂತ್ರ ಹಾಕಿ. ಪಡಸಾಲೆ ಕಡೆಯ ಬಾಗಿಲು ಮುಚ್ಚಿ. ಎಣ್ಣೆ ಹದವಾಗಿ ಕಾದ ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ, ಆಮೇಲೆ ಮೆಣಸಿನಕಾಯಿ, ಇಂಗು ಹಾಕಿ. ಕುಕ್ಕರ್ ಬೇಡ ಅಂದದ್ದೂ ಇದಕ್ಕೇ. ಸೀಟಿ ಹೊಡೆದರೆ ಏನೋ ಸಿಡಿಯುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಕೆಂಪು ಮಸೂರ್ ಬೇಳೆ ತೆರೆದ ಪಾತ್ರೆಯಲ್ಲೇ 15–20 ನಿಮಿಷಕ್ಕೆ ಬೇಯುತ್ತದೆ.

ಅವತ್ತು ನಾನು ಕ್ಷಮೆ ಕೇಳಿದ್ದು ಹರಕುಮುರುಕು ಜರ್ಮನ್‌ನಲ್ಲಿ. ಆಮೇಲೆ ಅದೇ ಸಾರನ್ನು ಒಂದು ಬಟ್ಟಲು ಅವಳಿಗೆ ಕೊಟ್ಟೆ. ಇದು ಏನು, ಇದರಲ್ಲಿ ಏನಿದೆ, ಹುಳಿ ಎಲ್ಲಿಂದ ಬಂತು ಅಂತ ಅವಳು ಕೇಳಿದಳು. ಹುಣಸೆಹಣ್ಣಿಗೆ ಜರ್ಮನ್‌ನಲ್ಲಿ ಏನಂತಾರೆ ಅಂತ ಇಬ್ಬರೂ ಸೇರಿ ಹುಡುಕಿದೆವು. ಅವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೂ ಕೊರಿಯನ್ ಬಾರದು. ಇಬ್ಬರಿಗೂ ಉಳಿದಿದ್ದ ದಾರಿ ಜರ್ಮನ್ ಒಂದೇ. ಮುಕ್ಕಾಲು ಗಂಟೆ ಮಾತಾಡಿದೆವು. ಅಲ್ಲಿಯವರೆಗೆ ನಾನು ಅಷ್ಟು ಹೊತ್ತು ಜರ್ಮನ್ ಮಾತಾಡಿದ್ದೇ ಇಲ್ಲ.

ಆದ್ದರಿಂದ ನನ್ನ ಒಂದೇ ಕೋರಿಕೆ: ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಬೇಡಿ. ಅಡುಗೆಮನೆಯ ಮೇಜಿನ ಮೇಲೇ ಊಟ ಮಾಡಿ. ಯಾರಾದರೂ ಇಂಗ್ಲಿಷ್‌ಗೆ ತಿರುಗಿದರೆ ನಗುನಗುತ್ತಾ "ಔಫ್ ಡಾಯ್ಚ್, ಬಿಟ್ಟೆ" ಅನ್ನಿ, ಜರ್ಮನ್‌ನಲ್ಲೇ ಹೇಳಿ ಅಂತ. ನಮ್ಮವರು ಸಿಕ್ಕರೆ ಖುಷಿಯಾಗುವುದು ಸಹಜ. ವಾರಕ್ಕೊಂದು ಸಂಜೆ ಅವರ ಜೊತೆ ಮನಸ್ಸು ಬಿಚ್ಚಿ ಹರಟಿ. ಉಳಿದ ಆರು ಸಂಜೆಯನ್ನು ನಿಮ್ಮ ಭಾಷೆ ಬಾರದವರಿಗೆ ಕೊಡಿ.

ಅಡುಗೆಮನೆ ಒರೆಸುವ ಪಾಳಿ ಇರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಕೇರ್‌ವೋಖೆ ಅನ್ನುತ್ತಾರೆ, ಗುಡಿಸುವ ವಾರ ಅಂತ ಅರ್ಥ. ಮೆಟ್ಟಿಲು ಗುಡಿಸುವುದನ್ನೂ ಇಲ್ಲಿಯವರು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನಿಮ್ಮ ಪಾಳಿ ತಪ್ಪಿಸಬೇಡಿ.

ಹೆಜ್ಜೆ 8: ಕ್ಲಾಸಿನಲ್ಲಿ

ಮೊದಲ ದಿನ ಪರೀಕ್ಷೆ ಕೊಟ್ಟು ಹಂತ ನಿರ್ಧರಿಸುತ್ತಾರೆ. ಮೇಲಿನ ಹಂತ ಸಿಗಲಿ ಅಂತ ಮುಂಚೆ ರಾತ್ರಿಯೆಲ್ಲ ಓದಬೇಡಿ. ಸರಿಯಾದ ಹಂತದಲ್ಲಿ ಕೂತರೆ ಬಾಯಿ ಬಿಡುತ್ತೀರಿ, ಮೇಲಿನದರಲ್ಲಿ ಕೂತರೆ ಸುಮ್ನೆ ಕೂರುತ್ತೀರಿ.

ಕನ್ನಡದವರಿಗೆ ಜರ್ಮನ್‌ನಲ್ಲಿ ಕೆಲವು ಸುಲಭಗಳಿವೆ, ಅದನ್ನು ಬಳಸಿಕೊಳ್ಳಿ. ಅವರ ಡೂ, ಝೀ ನಮ್ಮ ನೀನು, ನೀವು ಇದ್ದ ಹಾಗೆ. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ತಡವರಿಸುತ್ತಾರೆ, ನಮಗೆ ಅದು ರಕ್ತದಲ್ಲೇ ಇದೆ. ಮೇಷ್ಟ್ರಿಗೆ, ಅಂಗಡಿಯವರಿಗೆ ಝೀ, ಜೊತೆಯ ವಿದ್ಯಾರ್ಥಿಗಳಿಗೆ ಡೂ. "ವೈಲ್" ಅಂದರೆ "ಯಾಕೆಂದರೆ". ಅದು ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗುತ್ತದೆ: "ವೈಲ್ ಇಖ್ ಕ್ರಾಂಕ್ ಬಿನ್", ಯಾಕೆಂದರೆ ನನಗೆ ಹುಷಾರಿಲ್ಲ ಅಂತ. ಇಲ್ಲಿ ಕ್ರಿಯಾಪದ ಕೊನೆಯ "ಬಿನ್". ಕ್ರಿಯಾಪದ ಕೊನೆಗೆ ಬರುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಉಚ್ಚಾರದಲ್ಲಿ ಕಷ್ಟದ್ದು ಊರಿನ ಹೆಸರಲ್ಲೇ ಇದೆ. ಟ್ಯೂಬಿಂಗನ್ ಅಂತ ನಾವು ಬರೆಯುವ ಆ ಸ್ವರಕ್ಕೆ ಬಾಯೊಳಗೆ "ಈ" ಹೇಳುತ್ತಾ ತುಟಿಯನ್ನು "ಊ" ಹೇಳುವಂತೆ ಗುಂಡಗೆ ಮಾಡಬೇಕು. ಕನ್ನಡಿ ಮುಂದೆ ಎರಡು ದಿನ ಮಾಡಿದರೆ ಬರುತ್ತದೆ.

ಮಾರುಕಟ್ಟೆಯಲ್ಲಿ ಅಜ್ಜಂದಿರು ಆಡುವುದು ಅರ್ಥವಾಗದಿದ್ದರೆ ಬೇಸರ ಬೇಡ. ಅದು ಶ್ವಾಬಿಯನ್, ಇಲ್ಲಿನ ಆಡುನುಡಿ. ಬರ್ಲಿನ್‌ನವರಿಗೂ ಅದು ಕಷ್ಟ.

ಹೆಜ್ಜೆ 9: ಊಟ ಮತ್ತು ಸಸ್ಯಾಹಾರ

ವಿಶ್ವವಿದ್ಯಾಲಯದ ಊಟದ ಮನೆಗೆ ಮೆನ್ಸಾ ಅನ್ನುತ್ತಾರೆ. ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆ, ಸಸ್ಯಾಹಾರವೂ ಇರುತ್ತದೆ. ಹೊರಗೆ ತಿನ್ನುವಾಗ ಮಾತ್ರ ಹುಷಾರು. ಆಲೂಗಡ್ಡೆ ಪಲ್ಯದಲ್ಲಿ, ಸಲಾಡಿನಲ್ಲಿ ಶ್ಪೆಕ್ ಅನ್ನುವ ಹಂದಿಮಾಂಸದ ಚೂರು ಇರಬಹುದು. "ಇಖ್ ಎಸ್ಸೆ ಕೈನ್ ಫ್ಲೈಶ್ ಉಂಟ್ ಕೈನೆನ್ ಫಿಶ್" ಅಂತ ಪೂರ್ತಿ ಹೇಳಿ, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಅಂತ. ಕೇಸೆಶ್ಪೆಟ್ಸ್ಲೆ ಅಂದರೆ ಮೊಟ್ಟೆ ಹಿಟ್ಟಿನ ಶಾವಿಗೆಗೆ ಚೀಸ್ ಹಾಕಿದ್ದು, ಮೊಟ್ಟೆ ತಿನ್ನುವವರಿಗೆ ಚೆನ್ನಾಗಿರುತ್ತದೆ. ಇಲ್ಲಿಯವರು ಶ್ಪೆಟ್ಸ್ಲೆ ಜೊತೆ ಚನ್ನಂಗಿ ಬೇಳೆಯಂಥದ್ದೊಂದು ಕಾಳು ತಿನ್ನುತ್ತಾರೆ. ಬಾಯಿಗೆ ಮನೆಯ ನೆನಪಾಗುತ್ತದೆ. ಅದರ ಮೇಲೆ ಸಾಸೇಜ್ ಇಟ್ಟಿರುತ್ತಾರೆ, "ಓನೆ ವುರ್ಸ್ಟ್", ಸಾಸೇಜ್ ಬೇಡ ಅನ್ನಿ.

ಹೆಜ್ಜೆ 10: ಸುತ್ತಾಟ

ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇದೆ. ತಿಂಗಳಿಗೆ 63 ಯುರೋ, 2026ರಿಂದ ಈ ದರ. ದೇಶದ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ, ವೇಗದ ಐಸಿಇ, ಐಸಿ ರೈಲಿಗೆ ಮಾತ್ರ ಇಲ್ಲ. ಒಂದು ಎಚ್ಚರಿಕೆ: ಅದು ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ದುಡ್ಡು ಹೋಗುತ್ತದೆ. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ 60 ಯುರೋ.

ಊರಲ್ಲೇ ನೋಡಬೇಕಾದದ್ದು ನೆಕ್ಕರ್ ದಂಡೆಯ ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕೆಟ್ಟ ಮೇಲೆ 1807ರಿಂದ 36 ವರ್ಷ ಅಲ್ಲೇ ಇದ್ದರು, 1843ರ ಜೂನ್‌ನಲ್ಲಿ ಅಲ್ಲೇ ತೀರಿಕೊಂಡರು. ಅದರ ಮುಂದಿನ ತಿಂಗಳು, 1843ರ ಜುಲೈ 1ರಂದು, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಬಂತು. ಅದನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗನ್‌ನಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾಲಯ. ಅವರು 1903ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಊರಲ್ಲಿ. ಈ ದೇಶದಿಂದ ಬಂದು ನಮ್ಮ ಮನೆಮನೆಯ ಮಾತು ಕೇಳಿ ಕೇಳಿ ಬರೆದುಕೊಂಡವರು ಅವರಿಬ್ಬರು. ಈಗ ನಾವು ಇವರ ಅಡುಗೆಮನೆಯಲ್ಲಿ ಕೂತು ಇವರ ಮಾತು ಬರೆದುಕೊಳ್ಳುತ್ತಿದ್ದೇವೆ ಅನ್ನಿಸಿ ಆ ಸಂಜೆ ನಾನು ಸೇತುವೆ ಮೇಲೆ ಬಹಳ ಹೊತ್ತು ನಿಂತಿದ್ದೆ.

ಊರ ಪಕ್ಕದ ಶೋನ್‌ಬುಕ್ ಕಾಡಿನಲ್ಲಿ ನಡೆಯಲು ಹೋದರೆ ಉದ್ದ ಪ್ಯಾಂಟ್ ಹಾಕಿ. ವಾಪಸ್ ಬಂದು ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಇಲ್ಲಿ ಟ್ಸೆಕೆ ಇದೆ, ನಮ್ಮ ಮಲೆನಾಡಿನ ಉಣುಗು. ಅದು ಹರಡುವ ಮಿದುಳಿನ ಉರಿಯೂತದ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಹತ್ತಿರದ ಸಂಬಂಧಿಗಳು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನಕ್ಕೆ ಎಳೆಯಿರಿ, ಎಣ್ಣೆ ಸುರಿಯಬೇಡಿ. ಜ್ವರ ಬಂದರೆ ಅಥವಾ ಕಚ್ಚಿದ ಕಡೆ ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ. ತುರ್ತಿಗೆ 112, ತುರ್ತಲ್ಲದೆ ರಾತ್ರಿ ಹೊತ್ತು ವೈದ್ಯರು ಬೇಕಾದರೆ 116117.

ಹೆಜ್ಜೆ 11: ಹೊರಡುವಾಗ

ಕೋಣೆಗೆ ಕಟ್ಟಿದ ಠೇವಣಿ ವಾಪಸ್ ಬರಬೇಕಾದರೆ ಬಂದ ದಿನವೇ ಗೋಡೆ, ಮಂಚ, ಮೇಜಿನ ಫೋಟೋ ತೆಗೆದಿಟ್ಟುಕೊಂಡಿರಿ. ಮೊದಲಿನಿಂದ ಇದ್ದ ಗೀರು ನಿಮ್ಮದಲ್ಲ ಅಂತ ತೋರಿಸಲು ಬೇಕಾಗುತ್ತದೆ. ಫ್ರಿಜ್ಜಿನ ನಿಮ್ಮ ಖಾನೆ ಒರೆಸಿ. ಒಲೆಯ ಮೇಲಿನ ಅರಿಶಿನದ ಕಲೆ ಬೇಗ ಹೋಗುವುದಿಲ್ಲ, ಹಿಂದಿನ ದಿನವೇ ಉಜ್ಜಲು ಶುರುಮಾಡಿ. ಹೌಸ್‌ಮೈಸ್ಟರ್ ಬಂದು ನೋಡುವ ಹೊತ್ತನ್ನು ಒಂದು ವಾರ ಮುಂಚೆ ಗೊತ್ತುಮಾಡಿಕೊಳ್ಳಿ, ಕೀ ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಉಳಿದ ಸಾರಿನ ಪುಡಿ, ಸಾಸಿವೆ ಎಸೆಯಬೇಡಿ. ಡಬ್ಬಿಯ ಮೇಲೆ ಏನು, ಎಷ್ಟು ಹಾಕಬೇಕು ಅಂತ ಜರ್ಮನ್‌ನಲ್ಲಿ ಚೀಟಿ ಅಂಟಿಸಿ ಅಡುಗೆಮನೆಯ ಕಪಾಟಿನಲ್ಲಿ ಬಿಟ್ಟು ಬನ್ನಿ. ಕಿಟಕಿ ತೆಗೆಯಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.